ಮೇಲಿನ ನೀರು ನಿಲ್ಲಿಸದೆ ಗಿಲಾವು ಬೇಡ: ಗಾಲ್ವೇಯ ಹ್ಯಾಂಡ್‌ಬಾಲ್ ಆ್ಯಲಿಯೊಂದರ ದುರಸ್ತಿ ದಾಖಲೆ

ಐರ್ಲೆಂಡಿನ ಹಳ್ಳಿಗಳಲ್ಲಿ ಹ್ಯಾಂಡ್‌ಬಾಲ್ ಎಂದರೆ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ಏಳು ಜನ ಸೇರಿ ಗೋಲು ಹೊಡೆಯುವ ಆಟವಲ್ಲ. ಇಬ್ಬರೋ ನಾಲ್ವರೋ ನಿಂತು ಚಿಕ್ಕ ಚೆಂಡನ್ನು ಅಂಗೈಯಿಂದ ಗೋಡೆಗೆ ಬಾರಿಸುವ ಆಟ. ಸ್ಕ್ವಾಷ್ ಆಡುವವರ ಕೈಯಿಂದ ರ‍್ಯಾಕೆಟ್ ಕಿತ್ತುಕೊಂಡರೆ ಹೆಚ್ಚುಕಡಿಮೆ ಇದೇ. ಆಡುವ ಜಾಗಕ್ಕೆ ಆ್ಯಲಿ ಎನ್ನುತ್ತಾರೆ. ಎದುರಿಗೊಂದು ಎತ್ತರದ ಗೋಡೆ, ಅದರ ಎರಡು ತುದಿಯಿಂದ ಹೊರಟು ಹಿಂದಕ್ಕೆ ಇಳಿಯುತ್ತಾ ಬರುವ ಪಕ್ಕದ ಗೋಡೆಗಳು, ಹಿಂಬದಿ ಬಯಲು, ಮೇಲೆ ಆಕಾಶ. ಪಶ್ಚಿಮ ಐರ್ಲೆಂಡಿನ ಗಾಲ್ವೇ ಪಟ್ಟಣದ 1527ರ ಕಟ್ಟಳೆಯಲ್ಲೇ ಕೈಚೆಂಡಾಟಕ್ಕೆ ನಿರ್ಬಂಧ ಹಾಕಿದ್ದಾರೆಂದರೆ ಆಟದ ವಯಸ್ಸು ಊಹಿಸಿಕೊಳ್ಳಬಹುದು. 1884ರಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದಾಗ ಇದೂ ಅದರ ಆಟಗಳಲ್ಲಿ ಒಂದಾಯಿತು. 1924ರಲ್ಲಿ ಹ್ಯಾಂಡ್‌ಬಾಲಿಗೇ ಬೇರೆ ಸಂಘ ಬಂತು.

ಚರ್ಚಿನ ಪಕ್ಕ, ಶಾಲೆಯ ಹಿಂದೆ, ಪೊಲೀಸ್ ಠಾಣೆಯ ಅಂಗಳ, ನಾಲ್ಕು ದಾರಿ ಕೂಡುವಲ್ಲಿ — ಆ್ಯಲಿ ಇದ್ದದ್ದು ಇಂಥ ಕಡೆ. ಭಾನುವಾರದ ಪೂಜೆ ಮುಗಿಸಿ ಬಂದವರು ಅಲ್ಲೇ ನಿಲ್ಲುತ್ತಿದ್ದರು. ಆಟ ನೋಡುವುದು, ನಾಣ್ಯ ಚಿಮ್ಮಿ ಪಣ ಕಟ್ಟುವುದು, ಬೇಸಿಗೆ ಸಂಜೆ ಕುಣಿಯುವುದು ಎಲ್ಲ ಅಲ್ಲೇ. 1970ರಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ 40×20 ಅಡಿಯ ಒಳಾಂಗಣ ಅಂಕಣ ಬಂತು. ಆಮೇಲೆ ಆಟ ಮೆಲ್ಲಗೆ ಸೂರಿನಡಿಗೆ ಹೋಯಿತು, 60×30 ಅಡಿಯ ಬಯಲು ಆ್ಯಲಿಗಳು ಐವಿ ಬಳ್ಳಿಗೂ ಎಣ್ಣೆ ಟ್ಯಾಂಕಿಗೂ ಬಿಟ್ಟ ಜಾಗಗಳಾದವು.

ಇಲ್ಲಿ ದಾಖಲಿಸಿರುವುದು ಗಾಲ್ವೇ ಕೌಂಟಿಯ (ಜಿಲ್ಲೆಯ) ಪೂರ್ವಭಾಗದ ಒಂದು ಹಳ್ಳಿಯ ಮೂರು ಗೋಡೆಯ ಆ್ಯಲಿಯ ಕೆಲಸ. ಸುಣ್ಣಕಲ್ಲಿನ ಕಾಡುಗಲ್ಲು ಕಟ್ಟಡ, ಸುಣ್ಣದ ಗಾರೆ, ಮೇಲೆ ಯಾವಾಗಲೋ ಬಳಿದ ಸಿಮೆಂಟ್ ಗಿಲಾವು. ಇಂಥ ಕೆಲಸಕ್ಕೆ ಕೈ ಹಾಕುವವರೆಲ್ಲ ಮೊದಲು ನೋಡುವುದು ಎದುರು ಗೋಡೆಯ ಮುಖವನ್ನು, ಏಕೆಂದರೆ ಚೆಂಡು ಬಡಿಯುವುದು ಅಲ್ಲಿ. ಗೋಡೆ ಸಾಯುವುದು ಮಾತ್ರ ತಲೆಯಿಂದ, ಅಂದರೆ ಮಳೆನೀರು ಒಳಗಿಳಿಯುವ ಮೇಲ್ತುದಿಯಿಂದ. ಕೆಲಸದ ಕ್ರಮವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಹಂತ 1: ಕಾಗದ (ಸೆಪ್ಟೆಂಬರ್)

ಮೊದಲ ಪ್ರಶ್ನೆ: ಆ್ಯಲಿ ಯಾರದು? ಊರಿನದು ಎಂದು ಎಲ್ಲರೂ ಹೇಳುತ್ತಾರೆ, ಭೂದಾಖಲೆಯಲ್ಲಿ ಊರು ಎಂಬ ಮಾಲೀಕ ಇರುವುದಿಲ್ಲ. ಚರ್ಚಿನ ಜಾಗವೋ ಶಾಲೆಯದೋ ಪಕ್ಕದ ರೈತನದೋ ಎಂದು ಇತ್ಯರ್ಥವಾಗದೆ ಅನುದಾನದ ಅರ್ಜಿ ಮುಂದಕ್ಕೆ ಹೋಗದು. ಮಾಲೀಕತ್ವ ಸಿಗದಿದ್ದರೆ ದೀರ್ಘಾವಧಿ ಗುತ್ತಿಗೆ ಪತ್ರವಾದರೂ ಬೇಕು. ಇಲ್ಲಿ ಜಾಗ ಪ್ಯಾರಿಷ್‌ನದು, ಅಂದರೆ ಊರ ಚರ್ಚಿನದು; ಗುತ್ತಿಗೆ ಬರೆಸಿಕೊಳ್ಳಲಾಯಿತು.

ಎರಡನೆಯದು, ಕಟ್ಟಡ ಕೌಂಟಿಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂಬುದು. ಇದ್ದರೆ 2000ದ ಯೋಜನಾ ಕಾಯ್ದೆಯ 57ನೇ ಸೆಕ್ಷನ್ನಿನಡಿ ಯಾವ ಕೆಲಸಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಕೌಂಟಿ ಕೌನ್ಸಿಲಿನಿಂದ ಲಿಖಿತ ಘೋಷಣೆ ಕೇಳಬಹುದು. ಉತ್ತರಕ್ಕೆ 12 ವಾರ ಅವಧಿ. ಆ 12 ವಾರವನ್ನು ಲೆಕ್ಕಕ್ಕೆ ಹಿಡಿಯದೆ ಮೇಸ್ತ್ರಿಗೆ ದಿನ ಗೊತ್ತು ಮಾಡಿದರೆ ಸುಣ್ಣದ ಕೆಲಸದ ಕಾಲ ಕೈತಪ್ಪುತ್ತದೆ.

ಮೂರನೆಯದು ಬಾವಲಿ. ಐವಿ ಅಡಿಯಲ್ಲಿ, ಬಿರುಕಿನ ಒಳಗೆ ಅವು ಕೂತಿರುತ್ತವೆ. ಕಾನೂನಿನ ರಕ್ಷಣೆ ಇದೆ. ಪರಿಣತರಿಂದ ಸಮೀಕ್ಷೆ ಮಾಡಿಸಿ, ಬಿರುಕು ತುಂಬುವ ಮುನ್ನ ಒಳಗೆ ಪುಟ್ಟ ಕ್ಯಾಮೆರಾ ಬಿಟ್ಟು ನೋಡಬೇಕು. ಇಲ್ಲಿ ಸಿಗಲಿಲ್ಲ.

ಅನುದಾನ ಬಹುಪಾಲು ಕೆಲಸ ಮುಗಿದು ರಸೀದಿ ಕೊಟ್ಟ ಮೇಲೆ ಬರುವಂಥದ್ದು. ಅಲ್ಲಿಯವರೆಗೆ ಕೈಯಿಂದ ಹಾಕುವವರು ಯಾರು ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 2: ಅಳತೆ, ತಟ್ಟಿ ನೋಡುವುದು (ಅಕ್ಟೋಬರ್ ಮೊದಲ ವಾರ)

ಎದುರು ಗೋಡೆ: ಒಳ ಅಗಲ 9.14 ಮೀಟರ್ ಅಂದರೆ 30 ಅಡಿ, ಎತ್ತರ 8.2 ಮೀಟರ್, ದಪ್ಪ 600 ಮಿ.ಮೀ. ಪಕ್ಕದ ಗೋಡೆಗಳು ಮೊದಲ 6.1 ಮೀಟರ್‌ವರೆಗೆ ಪೂರ್ತಿ ಎತ್ತರ, ಅಲ್ಲಿಂದ ಇಳಿಯುತ್ತಾ ತುದಿಯಲ್ಲಿ 2.1 ಮೀಟರ್. ಒಟ್ಟು ಉದ್ದ 18.3 ಮೀಟರ್, 60 ಅಡಿ. ಒಳಮುಖ ಎದುರು ಗೋಡೆಯಲ್ಲಿ 75 ಚದರ ಮೀಟರ್, ಪಕ್ಕದ್ದು ಎರಡೂ ಸೇರಿ ಸುಮಾರು 225.

ಪಕ್ಕದ ಗೋಡೆಗಳ ಕೊನೆಯ 4 ಮೀಟರ್ ಕಲ್ಲಿನದಲ್ಲ, ಹಲಗೆ ಕಟ್ಟಿ ಸುರಿದ ಕಾಂಕ್ರೀಟ್. ಮೊದಲು ಆ್ಯಲಿ ಗಿಡ್ಡ ಇದ್ದು, ಅಂಕಣದ ಅಳತೆ 60 ಅಡಿಗೆ ನಿಂತ ಮೇಲೆ ಉದ್ದ ಮಾಡಿದ್ದಾರೆ. ಕಲ್ಲು–ಕಾಂಕ್ರೀಟ್ ಕೂಡುವಲ್ಲಿ ನೆಟ್ಟಗೆ ಸೀಳು. ಅದು ರೋಗವಲ್ಲ, ಎರಡು ಕಟ್ಟಡ ಬೇರೆ ಬೇರೆ ಹಿಗ್ಗಿ ಕುಗ್ಗುವ ಜಾಗ. ಅದರ ಮೇಲೆ ಗಿಲಾವು ಎಳೆದು ಮುಚ್ಚಿದರೆ ಮುಂದಿನ ಚಳಿಗಾಲಕ್ಕೆ ಅದೇ ಗೆರೆಯಲ್ಲಿ ಮತ್ತೆ ಸೀಳುತ್ತದೆ. ಹಾಗಾಗಿ ಅದನ್ನು ಸಂದಾಗಿಯೇ ಬಿಟ್ಟು, ಹಿಂಬದಿಯಿಂದ ಮಾತ್ರ ಮೃದು ಸುಣ್ಣದ ಗಾರೆ ತುಂಬುವುದೆಂದು ನಿರ್ಧಾರ.

ತೂಗುಗುಂಡು ಬಿಟ್ಟಾಗ ಎದುರು ಗೋಡೆ ಹೊರಕ್ಕೆ 35 ಮಿ.ಮೀ. ವಾಲಿತ್ತು. ಎಡ ಮೂಲೆಯಲ್ಲಿ ತಲೆಯ ಹತ್ತಿರ 12 ಮಿ.ಮೀ. ಬಿರುಕು, ನೆಲದಿಂದ 3 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಬಿರುಕಿನ ಅಡ್ಡಕ್ಕೆ ಅಳತೆಗೆರೆಯ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಚಳಿಗಾಲ ಪೂರ್ತಿ ನೋಡಲಾಯಿತು; ಚಲನೆ 1 ಮಿ.ಮೀ. ಒಳಗೆ. ಎಂಜಿನಿಯರ್ ಹೇಳಿದ್ದು: ಪಾಯ ಕೂತಿಲ್ಲ, ಮೂಲೆಯಲ್ಲಿ ಕಲ್ಲುಗಳನ್ನು ಒಂದಕ್ಕೊಂದು ಹೆಣೆದೇ ಇಲ್ಲ. ಒಂಟಿ ನಿಂತ 8 ಮೀಟರ್ ಗೋಡೆಯ ಮೇಲೆ ಗಾಳಿಯ ಹೊಡೆತ ಎಷ್ಟೆಂಬುದು ಕಣ್ಣಂದಾಜಿನ ವಿಷಯವಲ್ಲ. ಇಲ್ಲಿ ಎಂಜಿನಿಯರ್ ಶುಲ್ಕ ಉಳಿಸಲು ಹೋಗಬೇಡಿ.

ಈಗ ಗಿಲಾವಿನ ಪರೀಕ್ಷೆ. ಎದುರು ಗೋಡೆಗೆ ಸೀಮೆಸುಣ್ಣದಲ್ಲಿ 1 ಮೀಟರ್ ಚೌಕಗಳನ್ನು ಎಳೆದು, ಕೈಗೆಟಕುವಲ್ಲಿ ಮರದ ಸುತ್ತಿಗೆಯಿಂದ, ಮೇಲೆ ಉದ್ದ ಕೋಲಿನಿಂದ ತಟ್ಟುತ್ತಾ ಹೋಗುವುದು. ಗಟ್ಟಿ ಇದ್ದರೆ ಕಲ್ಲಿನ ಸದ್ದು, ಬಿಟ್ಟುಕೊಂಡಿದ್ದರೆ ಡಬ್ಬದ ಸದ್ದು. ಡಬ್ಬ ಸದ್ದಿನ ಅಂಚನ್ನು ಕೆಂಪು ಸೀಮೆಸುಣ್ಣದಲ್ಲಿ ಗುರುತಿಸಿ. ಆಮೇಲೆ ಅದೇ ಚೌಕಗಳಿಗೆ 30 ಅಡಿ ದೂರದಿಂದ ಚೆಂಡು ಬಾರಿಸಬೇಕು. ಗಿಲಾವು ಬಿಟ್ಟ ಜಾಗಕ್ಕೆ ಬಿದ್ದ ಚೆಂಡು ಸುಮ್ಮನೆ ಕಾಲ ಬುಡಕ್ಕೆ ಬೀಳುತ್ತದೆ. ಆಡುವವರು ಅದನ್ನು ಸತ್ತ ಜಾಗ ಎನ್ನುತ್ತಾರೆ. ಎರಡು ನಕ್ಷೆಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬೇಕಾದದ್ದೆಲ್ಲ ತಿಳಿಯುತ್ತದೆ. ಅಂಗೈ ಅಗಲದ ಟೊಳ್ಳು ಕಿವಿಗೆ ಕೇಳಿದರೂ ಚೆಂಡಿಗೆ ಗೊತ್ತಾಗುವುದಿಲ್ಲ, ಅದನ್ನು ಮುಟ್ಟಬೇಕಿಲ್ಲ. ಇಲ್ಲಿ 75ರಲ್ಲಿ 31 ಚದರ ಮೀಟರ್ ಟೊಳ್ಳು, ಅದರಲ್ಲಿ ಬಹುಪಾಲು ಮೇಲಿನ ಮೂರನೇ ಒಂದು ಭಾಗದಲ್ಲಿ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಹಂತ 3: ಐವಿ (ಅಕ್ಟೋಬರ್–ಫೆಬ್ರವರಿ)

ಹಸಿ ಐವಿಯನ್ನು ಎಳೆಯಬೇಡಿ. ಬೇರು ಸಂದಿನೊಳಗೆ ಇಳಿದಿರುತ್ತದೆ, ಎಳೆದರೆ ಕಲ್ಲೇ ಕೈಗೆ ಬರುತ್ತದೆ. ಬುಡದಲ್ಲಿ ಒಂದಡಿ ಉದ್ದದ ತುಂಡನ್ನು ಗರಗಸದಿಂದ ಕತ್ತರಿಸಿ ತೆಗೆದುಬಿಡಿ, ಮೇಲಿನದು ಒಣಗಲಿ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹಕ್ಕಿ ಗೂಡು ಕಟ್ಟುವ ಕಾಲ, ಗಿಡಗಂಟಿ ಕಡಿಯುವುದಕ್ಕೆ ವನ್ಯಜೀವಿ ಕಾಯ್ದೆಯ ನಿರ್ಬಂಧವಿದೆ. ಆದ್ದರಿಂದ ಅಕ್ಟೋಬರಿನಲ್ಲಿ ಕತ್ತರಿಸಿ ಫೆಬ್ರವರಿ ಮುಗಿಯುವುದರೊಳಗೆ ಇಳಿಸಿಬಿಡುವುದು ಸರಿಯಾದ ಲೆಕ್ಕ.

ಫೆಬ್ರವರಿಯಲ್ಲಿ ಎಲೆ ಕಂದಿ ಬಳ್ಳಿ ಸುಲಭವಾಗಿ ಬಿಟ್ಟುಕೊಂಡಿತು. ಗೋಡೆಯ ತಲೆಯ ಮೇಲೆ ಮಾತ್ರ ಮಣಿಕಟ್ಟಿನ ದಪ್ಪದ ಕಾಂಡ ಒಳಗೇ ಹೂತಿತ್ತು. ಅದನ್ನು ತೆಗೆಯುವ ಪ್ರಯತ್ನವನ್ನು ಸಾರುವೆ ಏರುವವರೆಗೆ ಮುಂದೂಡಲಾಯಿತು. ಹಿಂಬದಿ ಬುಡದಲ್ಲಿ ಉಳಿದ ಮೋಟುಗಳಿಗೆ ತೂತು ಕೊರೆದು ಕಳೆನಾಶಕದ ಬಿರಡೆ ಬಡಿದದ್ದಾಯಿತು.

ಹಂತ 4: ಸೋತ ಮಾದರಿ ತುಂಡು (ಅಕ್ಟೋಬರ್)

ಗಾರೆಯ ಮಿಶ್ರಣ ಗೊತ್ತು ಮಾಡಲು ಪಕ್ಕದ ಗೋಡೆಯಲ್ಲಿ 4 ಚದರ ಮೀಟರ್ ಗಿಲಾವು ಮಾಡಿ ನೋಡಲಾಯಿತು. ಬಳಸಿದ್ದು ಎನ್‌ಎಚ್‌ಎಲ್ 3.5, ಅಂದರೆ ಗಾಳಿಯ ಜೊತೆ ನೀರಿನಿಂದಲೂ ಗಟ್ಟಿಯಾಗುವ ಸ್ವಾಭಾವಿಕ ಸುಣ್ಣ, 25 ಕೆ.ಜಿ. ಚೀಲ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಸಣ್ಣ ಮರಳು, ಕೊನೆಗೆ ಉಕ್ಕಿನ ಕರಣೆಯಿಂದ ಉಜ್ಜಿ ನುಣುಪು. ಕನ್ನಡಿಯಂತೆ ಹೊಳೆಯಿತು. ವಾರದೊಳಗೆ ಮೈತುಂಬ ಕೂದಲೆಳೆ ಬಿರುಕು.

ಕಾರಣ ಮೂರು. ಸುಣ್ಣ ಹೆಚ್ಚಾಯಿತು. ಮರಳಿನ ಕಾಳು ಎಲ್ಲ ಒಂದೇ ಗಾತ್ರದ್ದು, ಒಣಗುವಾಗ ಕುಗ್ಗುವುದನ್ನು ತಡೆಯಲು ಒರಟು ಕಾಳು ಇರಲಿಲ್ಲ. ಉಕ್ಕಿನ ಕರಣೆ ಉಜ್ಜಿದಷ್ಟೂ ಸುಣ್ಣದ ಕೆನೆ ಮೇಲಕ್ಕೆ ಬರುತ್ತದೆ, ಬಿರುಕು ಬಿಡುವುದು ಆ ಕೆನೆಯೇ. ಇದರ ಮೇಲೆ ಒಂದು ರಾತ್ರಿ ಉಷ್ಣಾಂಶ 1 ಡಿಗ್ರಿಗೆ ಇಳಿದು, ಬೆಳಗ್ಗೆ ಮುಟ್ಟಿದರೆ ಬೆರಳಿಗೆ ಪುಡಿ. ಸುಣ್ಣ 5 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಕೆಲಸವನ್ನೇ ನಿಲ್ಲಿಸುತ್ತದೆ, ಒಳಗಿನ ನೀರು ಹೆಪ್ಪುಗಟ್ಟಿದರೆ ಮುಖ ಒಡೆಯುತ್ತದೆ. ಐರ್ಲೆಂಡಿನ ಮಟ್ಟಿಗೆ ಸುಣ್ಣದ ಕೆಲಸ ಏಪ್ರಿಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಹಾಳಾದ ತುಂಡಿನ ಬೆಲೆ ಚೀಲ ನಾಲ್ಕು. 75 ಚದರ ಮೀಟರಿಗೆ ಇದೇ ಆಗಿದ್ದರೆ ಎಂದು ಯೋಚಿಸಿದರೆ ಅಗ್ಗವೇ.

ಹಂತ 5: ಸಾರುವೆ (ಮಾರ್ಚ್)

ಸಾರುವೆ ಕಟ್ಟುವವರ ಬಳಿ ಸಿಎಸ್‌ಸಿಎಸ್ ಕಾರ್ಡ್ (ಕಟ್ಟಡ ಕೌಶಲದ ಪ್ರಮಾಣಪತ್ರ), ಕೆಲಸದ ಜಾಗಕ್ಕೆ ಕಾಲಿಡುವ ಪ್ರತಿಯೊಬ್ಬರ ಬಳಿ ಸೇಫ್ ಪಾಸ್ (ಸುರಕ್ಷತಾ ತರಬೇತಿಯ ಕಾರ್ಡ್) ಇರಬೇಕು. ಕಟ್ಟಿದ ಮೇಲೆ 7 ದಿನಕ್ಕೊಮ್ಮೆ ತಪಾಸಣೆ ಮಾಡಿ ಬರೆದಿಡಬೇಕು. ಸ್ವಯಂಸೇವಕರು ಉಮೇದಿನಿಂದ ಬರುತ್ತಾರೆ, ಕಾರ್ಡ್ ಇಲ್ಲದವರಿಗೆ ನೆಲದ ಮೇಲಿನ ಕೆಲಸ ಮಾತ್ರ.

ಗೋಡೆಯೇ ಸಂಶಯದ್ದಾಗಿರುವಾಗ ಸಾರುವೆಯನ್ನು ಅದಕ್ಕೆ ಕಟ್ಟುವಂತಿಲ್ಲ. ತನ್ನಷ್ಟಕ್ಕೆ ನಿಲ್ಲುವಂತೆ ಅಗಲ ಬುಡ ಮಾಡಿ, ಕಾಲುಗಳಿಗೆ ತಲಾ ಒಂದು ಟನ್ನಿನ ಕಾಂಕ್ರೀಟ್ ದಿಮ್ಮಿ ಹೇರಲಾಯಿತು. ಸುತ್ತ ಬಲೆ ಕಟ್ಟಿದರೆ ಬಿಸಿಲಿಗೂ ಮಳೆಗೂ ಒಳ್ಳೆಯದು, ಆದರೆ ಅಟ್ಲಾಂಟಿಕ್ ಕಡೆಯ ಗಾಳಿ ಬಂದಾಗ ಇಡೀ ಬಲೆ ಹಾಯಿಯಾಗುತ್ತದೆ. ಕೆಲಸ ನಡೆಯುತ್ತಿರುವ ಅಂತಸ್ತಿಗೆ ಮಾತ್ರ ಬಲೆ, ಬಿರುಗಾಳಿಯ ಮುನ್ಸೂಚನೆ ಬಂದರೆ ಸುತ್ತಿ ಕೆಳಗಿಡುವುದು.

ಹಂತ 6: ತಲೆ (ಏಪ್ರಿಲ್)

ಮೂರು ಗೋಡೆಗಳ ತಲೆ ಸೇರಿ ಸುಮಾರು 50 ಮೀಟರ್ ಉದ್ದ. ಮೇಲಿನ 300 ಮಿ.ಮೀ. ಕಲ್ಲು ಕೈಯಲ್ಲಿ ಅಲುಗಾಡುತ್ತಿತ್ತು, ಸಂದಿನಲ್ಲಿ ಗಾರೆ ಇರಲಿಲ್ಲ, ಬೇರು ಮತ್ತು ಕಪ್ಪು ಮಣ್ಣು ಇತ್ತು. ಗಟ್ಟಿ ಕಲ್ಲು ಸಿಗುವವರೆಗೆ ಬಿಚ್ಚಿ, ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಸಾರುವೆಯ ಮೇಲೆ ಅದೇ ಸಾಲಿನಲ್ಲಿ ಇಟ್ಟುಕೊಳ್ಳಲಾಯಿತು.

ಹೆಚ್ಚು ಹಾನಿ ಮಾಡಿದ್ದು ಐವಿಯಲ್ಲ, ಕಬ್ಬಿಣ. ಚೆಂಡು ಹೊಲಕ್ಕೆ ಹಾರದಂತೆ ಹಿಂದೆ ಯಾರೋ ತಂತಿಬಲೆ ಕಟ್ಟಲು ಗೋಡೆಯ ತಲೆಯೊಳಗೇ ಕಬ್ಬಿಣದ ಕಂಬ ಹೂತಿದ್ದರು. ಪ್ರತಿ ಕಂಬದ ಬುಡವೂ ತುಕ್ಕು ಹಿಡಿದು ಊದಿ, ಅಕ್ಕಪಕ್ಕದ ಕಲ್ಲನ್ನು ಎರಡು ಹೋಳು ಮಾಡಿತ್ತು. ಒಂದು ಕಂಬವನ್ನು ಅಲ್ಲಾಡಿಸಿ ಎಳೆಯಲು ನೋಡಿದಾಗ ಒಳಮುಖದ ಕಲ್ಲೊಂದು ಕಳಚಿ ಕೆಳಗಿನ ಹಲಗೆಗೆ ಬಿತ್ತು. ಉಳಿದವನ್ನೆಲ್ಲ ಗ್ರೈಂಡರಿನಿಂದ ತುಂಡರಿಸಿ, ಸುತ್ತಲಿನ ಕಲ್ಲು ಬಿಚ್ಚಿದ ಮೇಲೆ ಬುಡವನ್ನು ಎತ್ತಲಾಯಿತು.

ಮತ್ತೆ ಕಟ್ಟಿದ್ದು ಎನ್‌ಎಚ್‌ಎಲ್ 3.5, ಸುಣ್ಣ–ಮರಳು 1:2.5. ತಲೆಗೆ ಅದಕ್ಕಿಂತ ಗಟ್ಟಿ ದರ್ಜೆಯ ಎನ್‌ಎಚ್‌ಎಲ್ 5ರ ಗಾರೆಯಿಂದ ಇಳಿಜಾರು ಮುಚ್ಚಳ; ಇಳಿಜಾರು ಹೊರಬದಿಗೆ. ಮಧ್ಯ ಎತ್ತರಿಸಿ ಎರಡೂ ಕಡೆ ಇಳಿಸುವುದು ಮೇಸ್ತ್ರಿಗಳ ರೂಢಿ, ಅದು ಹೊಲದ ಬೇಲಿಗೋಡೆಗೆ ಸರಿ. ಆ್ಯಲಿಯಲ್ಲಿ ಅರ್ಧ ನೀರು ಆಡುವ ಮುಖದ ಮೇಲೆ ಇಳಿದು ಪಾಚಿ ಕಟ್ಟುತ್ತದೆ. ಪಕ್ಕದ ಗೋಡೆಗಳ ಇಳಿಜಾರು ಭಾಗದಲ್ಲಿ ಗಾರೆ ಮುಚ್ಚಳ ನಿಲ್ಲುವುದಿಲ್ಲ, ಮಳೆ ಉದ್ದಕ್ಕೆ ಹರಿದು ಕೊರೆಯುತ್ತದೆ. ಅಲ್ಲಿ ಚಪ್ಪಡಿಕಲ್ಲನ್ನು ಮೆಟ್ಟಿಲಿನಂತೆ, ಮೇಲಿನದು ಕೆಳಗಿನದರ ಮೇಲೆ 75 ಮಿ.ಮೀ. ಚಾಚುವಂತೆ ಕೂರಿಸಲಾಯಿತು.

ಊರಿನವರ ಒತ್ತಾಯ ಈ ಹಂತದಲ್ಲೇ ಜಾಸ್ತಿ. ಹಣ ಕೊಟ್ಟವರಿಗೆ ಎದುರು ಗೋಡೆ ಬೆಳ್ಳಗೆ ಕಾಣಬೇಕು, ತಲೆಯ ಮೇಲೆ ಸುರಿದದ್ದು ಯಾರ ಕಣ್ಣಿಗೂ ಬೀಳದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥ ದುರಸ್ತಿಗೆಂದೇ ಹುಟ್ಟಿದಂತಿದೆ. ಮುಖಕ್ಕೆ ಮೊದಲು ಗಿಲಾವು ಮಾಡಿ ಅನುದಾನ ಮುಗಿಸಿಕೊಂಡ ಆ್ಯಲಿಗಳಲ್ಲಿ ಮತ್ತೆ ಡಬ್ಬ ಸದ್ದು ಕೇಳಿಸುವುದು ಮೇಲಿನ ಮೂರನೇ ಒಂದು ಭಾಗದಿಂದಲೇ.

ಹಂತ 7: ಮೂಲೆಯ ಬಿರುಕು (ಮೇ)

ಎಂಜಿನಿಯರ್ ಸೂಚನೆಯಂತೆ ಸ್ಟೇನ್‌ಲೆಸ್ ಸ್ಟೀಲ್ ಸರಳು, 316 ದರ್ಜೆ, 16 ಮಿ.ಮೀ. ದಪ್ಪ, 1.5 ಮೀಟರ್ ಉದ್ದ. ಎದುರು ಗೋಡೆಯ ಹಿಂಬದಿಯಿಂದ 50 ಮಿ.ಮೀ. ತೂತು ಕೊರೆದು, 600 ಮಿ.ಮೀ. ಗೋಡೆ ದಾಟಿ ಪಕ್ಕದ ಗೋಡೆಯ ಉದ್ದಕ್ಕೆ ಹೋಗುವಂತೆ. ನೆಲದಿಂದ 3.5 ಮೀಟರ್‌ನಿಂದ ಶುರು, 900 ಮಿ.ಮೀ.ಗೊಂದು, ಒಟ್ಟು ಆರು. ಸರಳಿಗೆ ಬಟ್ಟೆಯ ಚೀಲ ತೊಡಿಸಿ ಅದರೊಳಗೆ ಗಾರೆ ನೀರು ತುಂಬಿದರೆ ಅದು ಉಬ್ಬಿ ತೂತನ್ನು ಹಿಡಿಯುತ್ತದೆ, ಗೋಡೆಯ ಹೊಟ್ಟೆಯೊಳಗೆ ಸೋರಿ ಹೋಗುವುದಿಲ್ಲ. ಹೊರಗಿನಿಂದಲೇ ಕೊರೆದ ಕಾರಣ ಆಡುವ ಮುಖದಲ್ಲಿ ಒಂದು ಚುಕ್ಕೆಯೂ ಇಲ್ಲ. ಕೊರೆಯುವಾಗ ಸುತ್ತಿಗೆ ಹೊಡೆತದ ಡ್ರಿಲ್ ಬೇಡ, ವಜ್ರದ ಮೊನೆಯ ತಿರುಗು ಡ್ರಿಲ್ ಬೇಕು. ಹೊಡೆತಕ್ಕೆ ಕಾಡುಗಲ್ಲು ಗೋಡೆಯ ಒಳಗಿನ ಚೂರುಗಲ್ಲು ಕೆಳಕ್ಕೆ ಕುಸಿದು ಹೊಸ ಟೊಳ್ಳು ಮಾಡುತ್ತದೆ.

ಬಿರುಕು ತುಂಬಿದ್ದು ಸುಣ್ಣದ ದ್ರಾವಣದಿಂದ, ಪಂಪಿನ ಒತ್ತಡವಿಲ್ಲದೆ, ಎತ್ತರದಲ್ಲಿಟ್ಟ ಬಕೆಟ್ಟು ಮತ್ತು ಪೈಪಿನಿಂದ. ಬಿರುಕಿನ ಒಳಮುಖವನ್ನು ಜೇಡಿಮಣ್ಣಿನಿಂದ ಮೆತ್ತಿ, ಕೆಳಗಿನಿಂದ ದಿನಕ್ಕೆ 1 ಮೀಟರ್ ಎತ್ತರ ಮಾತ್ರ. ಒಂದೇ ದಿನ ತುಂಬಿದರೆ ಒದ್ದೆ ದ್ರಾವಣದ ಭಾರಕ್ಕೆ ಗೋಡೆಯ ಎರಡು ಮುಖ ಬೇರ್ಪಡುತ್ತವೆ.

ನಾಲ್ಕು ಚೀಲ ಸಾಕೆಂಬ ಅಂದಾಜು ಕೆಟ್ಟದ್ದು ಇಲ್ಲಿ. ಎರಡನೇ ದಿನ ಬಕೆಟ್ಟು ಖಾಲಿಯಾಗುತ್ತಲೇ ಹೋಯಿತು, ಮಟ್ಟ ಏರಲಿಲ್ಲ. ಹಿಂಬದಿ ಹೋಗಿ ನೋಡಿದರೆ ಮೊಣಕಾಲೆತ್ತರದ ಸಂದಿಯಿಂದ ಹಾಲಿನಂತೆ ಸುರಿದು ಪಕ್ಕದ ಹೊಲದ ಚರಂಡಿ ಸೇರುತ್ತಿತ್ತು. ದ್ರಾವಣ ಹೊಯ್ಯುವ ಮೊದಲು ಬರಿ ನೀರು ಬಿಟ್ಟು ಎಲ್ಲಿ ಹೊರಬರುತ್ತದೆ ನೋಡಿ, ಆ ಸಂದುಗಳನ್ನು ಮುಚ್ಚಿ ಗಟ್ಟಿಯಾಗಲು ಬಿಡಬೇಕು. ನೀರು ಬಿಟ್ಟರೆ ಇನ್ನೊಂದು ಲಾಭ, ಒಳಗಿನ ಒಣ ಕಲ್ಲು ದ್ರಾವಣದ ನೀರನ್ನು ಹೀರಿ ಅರ್ಧದಾರಿಯಲ್ಲೇ ಗಟ್ಟಿಮಾಡುವುದು ತಪ್ಪುತ್ತದೆ. ಕೊನೆಗೆ ಹಿಡಿದದ್ದು 14 ಚೀಲ. ಸುಣ್ಣದ ನೀರು ಹಳ್ಳ ಸೇರಿದರೆ ಮೀನಿಗೆ ವಿಷ. ಚರಂಡಿಗೆ ಮಣ್ಣಿನ ಅಡ್ಡಗಟ್ಟು ಹಾಕಿ ಮೊದಲೇ ಸಿದ್ಧವಿರಬೇಕು.

ಹಂತ 8: ಎದುರು ಗೋಡೆಯ ಗಿಲಾವು (ಮೇ ಕೊನೆ–ಜೂನ್)

ಸಂರಕ್ಷಣೆಯ ನಿಯಮ ಹೇಳುವುದು ಕೆಟ್ಟ ಭಾಗ ಮಾತ್ರ ತೆಗೆಯಿರಿ ಎಂದು. ಪಕ್ಕದ ಗೋಡೆಗಳಲ್ಲಿ ಹಾಗೇ ಮಾಡಲಾಯಿತು. ಎದುರು ಗೋಡೆಯಲ್ಲಿ 31 ಚದರ ಮೀಟರ್ ತೇಪೆ ಹಾಕಿದರೆ ಪ್ರತಿ ತೇಪೆಯ ಅಂಚಿಗೆ ಬಿದ್ದ ಚೆಂಡು ಎತ್ತಲೋ ಹಾರುತ್ತದೆ. ಅಲ್ಲದೆ ಹಳೆಯ ಸಿಮೆಂಟ್ ಗಿಲಾವು ಕಲ್ಲಿನೊಳಗಿನ ತೇವವನ್ನು ಹೊರಬಿಡದೆ ಕೂಡಿಹಾಕಿದ್ದರಿಂದಲೇ ಉಬ್ಬಿದ್ದು. ಕೌನ್ಸಿಲಿನ ಸಂರಕ್ಷಣಾ ಅಧಿಕಾರಿಗೆ ಎರಡು ನಕ್ಷೆ ತೋರಿಸಿದ ಮೇಲೆ ಎದುರು ಮುಖ ಪೂರ್ತಿ ತೆಗೆಯಲು ಒಪ್ಪಿಗೆ ಸಿಕ್ಕಿತು. ಕೈಸುತ್ತಿಗೆ, ಚಾಣ ಮಾತ್ರ. ಯಂತ್ರ ಹಚ್ಚಿದರೆ ಗಿಲಾವಿನ ಜೊತೆ ಕಲ್ಲಿನ ಮುಖವೂ ಕಿತ್ತು ಬರುತ್ತದೆ.

ಸಂದುಗಳನ್ನು 40 ಮಿ.ಮೀ. ಆಳ ಕೆರೆದು ತುಂಬಿದ ನಂತರ 15 ಮಿ.ಮೀ.ಗಿಂತ ಆಳದ ತಗ್ಗುಗಳಿಗೆ ಚಕ್ಕೆಗಲ್ಲು ಒತ್ತಿ ಸಮ ಮಾಡಬೇಕು. ದಪ್ಪ ಗಾರೆಯಿಂದ ತಗ್ಗು ತುಂಬಿದರೆ ಅಲ್ಲೇ ಮುಂದಿನ ಸತ್ತ ಜಾಗ.

ಮೊದಲ ಪದರ: ಎನ್‌ಎಚ್‌ಎಲ್ 5, 1:2, ತೆಳುವಾಗಿ ಕರಣೆಯಿಂದ ಬೀಸಿ ಎಸೆಯುವುದು, 4 ಮಿ.ಮೀ. ಐರಿಷ್ ಮೇಸ್ತ್ರಿಗಳು ಇದಕ್ಕೆ ಸ್ಕಡ್ ಎನ್ನುತ್ತಾರೆ. ಒರಟಾಗಿರಬೇಕು, ಉಜ್ಜಬಾರದು.

ಎರಡನೆಯದು: ಎನ್‌ಎಚ್‌ಎಲ್ 3.5, 1:2.5, ಮರಳು ಧೂಳಿನಿಂದ 4 ಮಿ.ಮೀ.ವರೆಗೆ ಎಲ್ಲ ಗಾತ್ರದ ಕಾಳಿರುವ ಚೂಪು ಮರಳು, 12 ಮಿ.ಮೀ. ದಪ್ಪ. ನೆಲದಿಂದ 1.2 ಮೀಟರ್ ಎತ್ತರದವರೆಗೆ ಮಾತ್ರ ಎನ್‌ಎಚ್‌ಎಲ್ 5. ಆಟದ ಗೆಲುವಿನ ಹೊಡೆತಗಳೆಲ್ಲ ಬುಡಕ್ಕೇ ಬೀಳುವುದು, ಮಳೆಯ ಸಿಡಿತವೂ ಅಲ್ಲೇ. 2 ಮೀಟರ್ ಮಟ್ಟಪಟ್ಟಿ ಹಿಡಿದರೆ 3 ಮೀಟರ್ ಎತ್ತರದವರೆಗೆ 5 ಮಿ.ಮೀ.ಗಿಂತ ಹೆಚ್ಚು ಏರುಪೇರು ಕೂಡದು, ಅದರ ಮೇಲೆ 8 ಆದರೂ ಆಟಕ್ಕೆ ಅಡ್ಡಿಯಿಲ್ಲ.

ಮೂರನೆಯದು: 6 ಮಿ.ಮೀ., ಮರದ ಉಜ್ಜುಹಲಗೆಯಿಂದ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಇಳಿಯಬಾರದು; ಆ ಹದಕ್ಕೆ ಬಂದಾಗ ಉಜ್ಜುವುದು. ಬೆಳಗ್ಗೆ ಹಚ್ಚಿದ್ದು ಮೋಡದ ದಿನ ಸಂಜೆಗೆ ಹದಕ್ಕೆ ಬರುತ್ತದೆ, ಗಾಳಿಯ ದಿನ ಮಧ್ಯಾಹ್ನಕ್ಕೇ. ಹದ ತಪ್ಪಿ ಉಜ್ಜಿದ ಬಲಬದಿಯ ಒಂದು ಪಟ್ಟಿಯಲ್ಲಿ ಮರಳು ಕಳಚಿಕೊಂಡು, ಅದನ್ನು ಕೆರೆದು ಮತ್ತೆ ಮಾಡಬೇಕಾಯಿತು.

ಪದರಗಳ ನಡುವೆ ಕನಿಷ್ಠ ಒಂದು ವಾರ. ದಿನಕ್ಕೆ ಮೂರು ಸಲ ಮಂಜಿನಂತೆ ನೀರು, ಮೇಲೆ ಒದ್ದೆ ಗೋಣಿತಾಟು. ಗೋಣಿ ಗೋಡೆಗೆ ತಾಗಿ ನೇತಾಡಿದರೆ ಕಲೆ ಬೀಳುತ್ತದೆ, ಸಾರುವೆಗೆ ಕಟ್ಟಿ ಗೋಡೆಯಿಂದ ಒಂದು ಗೇಣು ಅಂತರದಲ್ಲಿ ಇಳಿಬಿಡಬೇಕು. ಒಟ್ಟು 32 ಚೀಲ ಸುಣ್ಣ, ಸುಮಾರು 2 ಘನ ಮೀಟರ್ ಮರಳು.

ಒಂದು ಎಚ್ಚರಿಕೆ: ಒಳಮೂಲೆಗಳನ್ನು ಗುಂಡಗೆ ಎಳೆಯುವುದು ಗಿಲಾವಿನವರ ಕೈಗೆ ಅಂಟಿದ ಅಭ್ಯಾಸ. ಎದುರು ಗೋಡೆಗೂ ಪಕ್ಕದ್ದಕ್ಕೂ ಒಂದರ ಹಿಂದೊಂದು ಬಡಿದು ಬರುವ ಚೆಂಡಿಗೆ ಚೂಪು ಮೂಲೆ ಬೇಕು. ಮೂಲೆಯ ಕೆಲಸ ನಡೆಯುವಾಗ ಆಡುವವರೊಬ್ಬರು ಪಕ್ಕದಲ್ಲಿ ನಿಂತಿರುವುದು ಒಳ್ಳೆಯದು.

ಹಂತ 9: ನೆಲ (ಜುಲೈ)

ಹಳೆ ಕಟ್ಟಡದ ತೇವಕ್ಕೆ ಸಂರಕ್ಷಣೆಯವರ ಸಿದ್ಧ ಉತ್ತರ, ಗೋಡೆಯ ಬುಡದಲ್ಲಿ ಒಂದಡಿ ಕಾಂಕ್ರೀಟ್ ಕಡಿದು ಜಲ್ಲಿ ತುಂಬಿ ಎಂಬುದು. ಆ್ಯಲಿಯ ಒಳಗೆ ಅದು ನಡೆಯದು. ಗೋಡೆ ಮತ್ತು ನೆಲ ಕೂಡುವ ಗೆರೆಯಲ್ಲೇ ಅರ್ಧ ಆಟ ನಿರ್ಧಾರವಾಗುತ್ತದೆ. ಅಲ್ಲಿ ಜಲ್ಲಿ ಇದ್ದರೆ ಆ್ಯಲಿ ಆ್ಯಲಿಯಾಗಿ ಉಳಿಯುವುದಿಲ್ಲ. ಆದ್ದರಿಂದ ಚರಂಡಿ ಹೊರಬದಿಗೆ. ಎದುರು ಗೋಡೆಯ ಹಿಂದೆ ಒಟ್ಟಿದ್ದ ಮಣ್ಣು ತೆಗೆದು, ಒಳನೆಲಕ್ಕಿಂತ 450 ಮಿ.ಮೀ. ಕೆಳಗೆ ತೂತಿನ ಪೈಪ್, ಸುತ್ತ ತೊಳೆದ ಜಲ್ಲಿ. ಅಗೆದದ್ದು ಗುದ್ದಲಿಯಿಂದ, ಪಾಯದ ಕಲ್ಲು ಕಂಡ ಕೂಡಲೇ ನಿಲ್ಲಿಸಿ.

ಒಳಗೆ ಮುಂದಿನ 9.14 ಮೀಟರ್ ಚೌಕ ಪೂರ್ತಿ ಒಡೆದು ತೆಗೆದದ್ದಾಯಿತು. ಹಿಂದಿನ ಅರ್ಧ ಗಟ್ಟಿ ಇದ್ದುದರಿಂದ ಬಿರುಕು ತುಂಬಿ ಉಳಿಸಿಕೊಂಡದ್ದು. ಜಲ್ಲಿ ತರಿಸುವಾಗ ಜಲ್ಲಿಯ ಗುಣಮಟ್ಟದ ಐರಿಷ್ ಮಾನದಂಡವಾದ ಎಸ್.ಆರ್. 21ರ ಪ್ರಮಾಣಪತ್ರ ಕೈಗೆ ಬಾರದೆ ಲಾರಿ ಇಳಿಸಿಕೊಳ್ಳಬೇಡಿ. ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜ ಇರುವ ಜಲ್ಲಿ ಊದಿ ನೆಲ ಎತ್ತಿದ ಮನೆಗಳ ಕಥೆ ಈ ದೇಶಕ್ಕೆ ಚೆನ್ನಾಗಿ ಗೊತ್ತು. 150 ಮಿ.ಮೀ. ಜಲ್ಲಿ ದಮ್ಮಸು, ಮೇಲೆ ಪ್ಲಾಸ್ಟಿಕ್ ಹಾಳೆ, ಎ252 ಉಕ್ಕಿನ ಜಾಲರಿ, 150 ಮಿ.ಮೀ. ಸಿ30/37 ದರ್ಜೆಯ ಕಾಂಕ್ರೀಟ್. ಲೆಕ್ಕ 12.5 ಘನ ಮೀಟರ್, ತರಿಸಿದ್ದು 13.5, ಎರಡು ಲಾರಿ. ಎದುರು ಗೋಡೆಯಿಂದ ಹಿಂದಕ್ಕೆ 100ಕ್ಕೆ 1 ಇಳಿಜಾರು.

ಹೊಸ ನೆಲ–ಹಳೆ ನೆಲದ ಸಂದು ಸರಿಯಾಗಿ 30 ಅಡಿಗೆ ಬರುತ್ತದೆ, ಸರ್ವ್ ದಾಟಬೇಕಾದ ಗೆರೆಯೂ ಅಲ್ಲೇ. ಬಣ್ಣ ಬಳಿದರೆ ಸಂದು ಕಾಣುವುದೂ ಇಲ್ಲ. ಮರುದಿನವೇ ಎರಡೂ ದಿಕ್ಕಿಗೆ ನಡುಮಧ್ಯ 40 ಮಿ.ಮೀ. ಆಳ ಗರಗಸದ ಸೀಳು. ಗೋಡೆಗೂ ನೆಲಕ್ಕೂ ನಡುವೆ 10 ಮಿ.ಮೀ. ಮೆತ್ತನೆ ಪಟ್ಟಿ, ಅದರ ಮೇಲಿನ 15 ಮಿ.ಮೀ.ಗೆ ಗಟ್ಟಿ ಸೀಲಂಟ್; ಅಷ್ಟು ಸಣ್ಣ ಸಂದು ಚೆಂಡಿಗೆ ತಾಗುವುದಿಲ್ಲ.

ಮೇಲ್ಮೈ ವಿಷಯದಲ್ಲಿ ಜಗಳವೇ ಆಯಿತು. ಯಂತ್ರದಲ್ಲಿ ನುಣುಪು ಮಾಡಿದರೆ ಮಳೆ ಬಂದ ದಿನ ಕಾಲು ಜಾರುತ್ತದೆ. ಒರಟು ಪೊರಕೆ ಎಳೆದರೆ ಬಿದ್ದವರ ಮೊಣಕಾಲು ಸುಲಿಯುತ್ತದೆ. ಕುಣಿತದವರಿಗೆ ಬೂಟಿನ ಹಿಮ್ಮಡಿ ಜಾರಿಸುವಷ್ಟು ನುಣುಪು ಬೇಕು, ಅವರದೂ ನ್ಯಾಯವೇ: 1935ರ ಕಾನೂನು ಪರವಾನಗಿ ಇಲ್ಲದ ಸಾರ್ವಜನಿಕ ಕುಣಿತವನ್ನು ತಡೆಯುವ ಮೊದಲು ಬಯಲ ಕುಣಿತಕ್ಕೆ ಹಳ್ಳಿಯಲ್ಲಿ ಇದ್ದ ಗಟ್ಟಿ ನೆಲ ಎಂದರೆ ರಸ್ತೆಯ ಕೂಡುದಾರಿ, ಇಲ್ಲವೇ ಆ್ಯಲಿ. ಕೊನೆಗೆ ಒಂದು ಸುತ್ತು ಯಂತ್ರ, ಆಮೇಲೆ ಮೆತ್ತನೆ ನೈಲಾನ್ ಪೊರಕೆಯಿಂದ ಉದ್ದಕ್ಕೆ ಒಂದೇ ಎಳೆತ. ಮೂರೂ ಕಡೆಯವರಿಗೆ ಅರ್ಧರ್ಧ ಸಮಾಧಾನ.

ಹಂತ 10: ಬಣ್ಣ, ಗೆರೆ, ಬಲೆ (ಸೆಪ್ಟೆಂಬರ್)

ಎದುರು ಗೋಡೆಗೆ ಸಿಲಿಕೇಟ್ ಬಣ್ಣ ಎರಡು ಕೈ. ಸುಣ್ಣ ಬಳಿದರೆ ಚೆಂಡಿಗೂ ಅಂಗೈಗೂ ಪುಡಿ ಹತ್ತುತ್ತದೆ. ಪ್ಲಾಸ್ಟಿಕ್ ಬಣ್ಣ ಬಳಿದರೆ ಹಳೆ ಸಿಮೆಂಟಿನ ಕಥೆಯೇ ಮತ್ತೆ.

ಗೋಡೆಯ ನಡುವೆ 20 ಅಡಿ ಅಗಲ, 16 ಅಡಿ ಎತ್ತರಕ್ಕೆ, ಒಂದೇ ಗೋಡೆಗೆ ಆಡುವ ಹ್ಯಾಂಡ್‌ಬಾಲ್ ರೂಪಕ್ಕಾಗಿ ಚೌಕ ಬರೆಯಲಾಗಿದೆ. ನೆಲದಲ್ಲಿ 16 ಅಡಿಗೆ ಒಂದು ಗೆರೆ, 34 ಅಡಿಗೆ ಇನ್ನೊಂದು, ಗೆರೆಯ ದಪ್ಪ 38 ಮಿ.ಮೀ. ಶಾಲೆಯ ಮಕ್ಕಳು ಈಗ ಆಡುವುದು ಇದನ್ನೇ. 60×30ರ ಗೆರೆ ಬಿಳಿ, ಇದು ಹಳದಿ.

ಬಲೆಯ ಕಂಬಗಳನ್ನು ಈ ಸಲ ತಲೆಯೊಳಗೆ ಹೂಳದೆ, ಗೋಡೆಯ ಹಿಂಬದಿಗೆ ಸ್ಟೇನ್‌ಲೆಸ್ ಬ್ರಾಕೆಟ್ ಕೂರಿಸಿ ನಿಲ್ಲಿಸಲಾಗಿದೆ. ಪಶ್ಚಿಮದ ಗೋಡೆಯದು ಇನ್ನೂ ಬಾಕಿ. ಗಾಳಿಯ ಬದಿ, ಎಂಜಿನಿಯರ್ ಲೆಕ್ಕ ಬರಬೇಕು.

ಖರ್ಚು (ತೆರಿಗೆ ಸೇರಿ, ಯೂರೋಗಳಲ್ಲಿ)

ಮೇಸ್ತ್ರಿ, ಕೂಲಿ 21,600. ಸಾರುವೆ 11,400. ನೆಲ, ಚರಂಡಿ 8,700. ಎಂಜಿನಿಯರ್, ವಾಸ್ತುಶಿಲ್ಪಿ 5,200. ಸುಣ್ಣ, ಮರಳು, ಸ್ಟೇನ್‌ಲೆಸ್ ಸಾಮಾನು 4,900. ಬಲೆ ಈವರೆಗೆ 3,100. ಬಣ್ಣ 1,150. ಬಾವಲಿ ಸಮೀಕ್ಷೆ 900. ಒಟ್ಟು 56,950.

ಸಾರುವೆಯ ಬಾಡಿಗೆ ವಾರದ ಲೆಕ್ಕ. ಬಿರುಕಿನ ಸೋರಿಕೆಯಿಂದ ಕೆಲಸ ನಿಂತ ದಿನಗಳಿಗೂ ಬಾಡಿಗೆ ಓಡುತ್ತಲೇ ಇತ್ತು. ನೀರು ಬಿಟ್ಟು ನೋಡುವ ಕೆಲಸವನ್ನು ಸಾರುವೆ ಬರುವ ಮೊದಲೇ ಕೆಳಗಿನ 2 ಮೀಟರಿಗಾದರೂ ಮಾಡಿಕೊಂಡರೆ ಆ ದುಡ್ಡು ಉಳಿಯುತ್ತದೆ.

ಇನ್ನು ಮೇಲೆ ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ: ತಲೆಯ ಮೇಲೆ ಹುಟ್ಟಿದ ಸಸಿ ಕೀಳುವುದು, ಚರಂಡಿಯ ಬಾಯಿ ತೆರೆದಿದೆಯೇ ನೋಡುವುದು, ಎದುರು ಗೋಡೆಗೆ ಚೌಕ ಎಳೆದು ತಟ್ಟಿ, ಚೆಂಡು ಬಾರಿಸಿ, ನಕ್ಷೆಯನ್ನು ಹಿಂದಿನ ವರ್ಷದ್ದರ ಜೊತೆ ಫೈಲಿಗೆ ಸೇರಿಸುವುದು.